ಸೀಗಡಿ ಕಾಕಾನ ಹೆಪ್ಪು

ಸೀಗಡಿ ಹಿಡಿದು ಬದುಕಿದವರಿದ್ದಾರೆ, ಸೀಗಡಿ ಮಾರಿ ಬದುಕಿದವರಿದ್ದಾರೆ, ಸೀಗಡಿ ಸಿಗದಿದ್ದರೆ ಬದುಕೇ ಬೇಡ ಎನ್ನುವವರೂ ಇದ್ದಾರೆ. ಆದರೆ ಸೀಗಡಿಯನ್ನು ಬಾಯಿಗಿರಲಿ, ಬಾಯಿಮಾತಿಗೂ ತಾರದ ಮನೆಯಲ್ಲಿ ಹುಟ್ಟಿ, ಅದನ್ನೇ ದಿನಾ ಬುಟ್ಟಿಗಟ್ಟಲೆ ರುಬ್ಬಿ ಬದುಕಿದವನು ಈ ಭೂಮಿಯ ಮೇಲೆ ನಮ್ಮ ಕಾಕಾ ಒಬ್ಬನೇ! ರುಬ್ಬಿದ್ದಾನೆಯೇ ಹೊರತು ಒಂದು ದಿನವೂ ನಾಲಿಗೆಗೆ ಹಚ್ಚಿಲ್ಲ. ಅದರ ರುಚಿ ಹೇಗಿರುತ್ತದೆ ಎಂದು ಕೇಳಿದರೆ, "ನನಗೇನ ಗೊತ್ತು? ಅದು ರಿಪೋರ್ಟಿನಾಗ ಬರಂಗಿಲ್ಲ" ಎನ್ನುತ್ತಾನೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ನಮ್ಮದು ಬೀಳಗಿ ತಾಲೂಕಿನಲ್ಲಿ ಘಟಪ್ರಭೆಯ ದಂಡೆಯ ಒಂದು ಹಳ್ಳಿ. 'ನಮ್ಮದು' ಎಂದು ಈಗಲೂ ಅನ್ನುತ್ತೇನೆ, ನೋಡಿ! ಅಣೆಕಟ್ಟಿನ ಹಿನ್ನೀರು ಬಂದು ಅದನ್ನು ನುಂಗಿ ವರ್ಷಗಳೇ ಆದವು. ಊರು ಇನ್ನೂ ಒಣ ನೆಲದ ಮೇಲೆ ಇದ್ದಾಗಲೇ ಕಾಕಾ ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿದ. ಒಂದು ದಿನ ಪೇಪರಿನಲ್ಲಿ 'ಆಹಾರ ಪರೀಕ್ಷೆಗೆ ಸಹಾಯಕರು ಬೇಕಾಗಿದ್ದಾರೆ' ಎಂಬ ಜಾಹೀರಾತು ಕಂಡ. ಮುಧೋಳದ ಸುತ್ತಮುತ್ತ ಬೆಳೆದವನಿಗೆ ಪರೀಕ್ಷೆ ಮಾಡಬೇಕಾದ ಆಹಾರ ಎಂದರೆ ಬೆಲ್ಲ ಇಲ್ಲವೇ ಸಕ್ಕರೆ. ಬೆಲ್ಲ ನೆಕ್ಕುತ್ತ ಪಗಾರ ಎಣಿಸಬಹುದೆಂದು ಹಿಗ್ಗಿ, ಅಜ್ಜಿ ಕಟ್ಟಿಕೊಟ್ಟ ರೊಟ್ಟಿ ಗಂಟು ಹಿಡಿದು ಕರಾವಳಿಯ ಬಸ್ಸು ಹತ್ತಿದ. ಅಲ್ಲಿ ಹೋಗಿ ನೋಡಿದರೆ ಅವನ ಮುಂದೆ ಒಂದು ಬುಟ್ಟಿ ಇಟ್ಟರಂತೆ. ಅದರ ತುಂಬ ಮೀಸೆ, ಕಾಲು, ಮಿಟಿಮಿಟಿ ನೋಡುವ ಕಣ್ಣು!

ಆಗ ಊರಿಗೆಲ್ಲ ಒಂದೇ ಫೋನು, ಕಿರಾಣಿ ಅಂಗಡಿಯಲ್ಲಿ. ಅಜ್ಜಿಯನ್ನು ನಾವು ಆಯಿ ಅನ್ನುತ್ತೇವೆ. ಆಯಿ ಫೋನಿನಲ್ಲಿ ಊರಿಗೆಲ್ಲ ಕೇಳುವಂತೆ ಕೂಗಿದಳು: "ಏನ ಕೆಲಸ ಕೊಟ್ಟಾರಪಾ?"

"ರುಬ್ಬೂದು ಬೇ."

"ಏನ ರುಬ್ಬೂದು?"

ಆ ಕಡೆಯಿಂದ ಸ್ವಲ್ಪ ಹೊತ್ತು ಸಮುದ್ರದ ಸಪ್ಪಳ ಮಾತ್ರ ಬಂತು. ಆಮೇಲೆ ಕಾಕಾ ಸಣ್ಣ ದನಿಯಲ್ಲಿ, "ಕಾಳು" ಎಂದ.

ಈ ಕಾಳಿನ ಬಣ್ಣ ಬಯಲಾದದ್ದು ಅವನು ಮೊದಲ ಸಲ ಪಂಚಮಿಗೆ ಊರಿಗೆ ಬಂದಾಗ. ಚೀಲ ಬಿಚ್ಚಿದ್ದೇ ತಡ, ಮನೆಯ ಬೆಕ್ಕು ಅದರೊಳಗೆ ಹೊಕ್ಕು ಹೊರಗೆ ಬರಲು ಒಪ್ಪಲಿಲ್ಲ! ಆಯಿ ಬೆಕ್ಕಿನ ಮುಖ ನೋಡಿದಳು, ಮಗನ ಮುಖ ನೋಡಿದಳು, ಎಲ್ಲ ಅರ್ಥವಾಯಿತು. ಅವತ್ತಿನಿಂದ ಒಂದು ಕಾನೂನು ಜಾರಿಗೆ ಬಂತು. ಕಾಕಾ ಯಾವಾಗ ಬಂದರೂ ಹೊಸ್ತಿಲ ಹೊರಗಿನ ಬಂಡೆಯ ಮೇಲೆ ನಿಲ್ಲಬೇಕು. ಆಯಿ ಕೊಡ ತಂದು ನೆತ್ತಿಯ ಮೇಲೆ ಸುರಿಯಬೇಕು. ಆಮೇಲೆ ಹಣೆಗೆ ವಿಭೂತಿ. ಕೊನೆಗೆ ಚೀಲಕ್ಕೂ ಮೂರು ಬೆರಳು ವಿಭೂತಿ! "ನನಗಾತು, ಚೀಲಕ್ಕೂ ದೀಕ್ಷಾ ಕೊಟ್ಟಿಯೇನ ಬೇ?" ಎಂದು ಕಾಕಾ ನೀರು ಸೋರಿಸುತ್ತ ಕೇಳುತ್ತಿದ್ದ. "ಬಾಯಿ ಮುಚಗೊಂಡ ನಿಂದರ ಲೇ, ಇನ್ನೊಂದ ಕೊಡಾ ಐತಿ" ಎಂದು ಆಯಿ ಮತ್ತೆ ಬಾವಿಯ ಕಡೆ ಹೋಗುತ್ತಿದ್ದಳು.

ಅಲ್ಲ, ಸೀಗಡಿಯನ್ನು ರುಬ್ಬುವುದಾದರೂ ಯಾಕೆ? ಚಟ್ನಿಗಂತೂ ಅಲ್ಲ! ಇದನ್ನು ಕಾಕಾ ನಮಗೆಲ್ಲ ಒಲೆಯ ಮುಂದೆ ಕೂತು ತಿಳಿಸಿ ಹೇಳಿದ. ಕರಾವಳಿಯ ಕಡೆ ಹೊಲದ ಹಾಗೆ ಕೆರೆ ಕಟ್ಟಿ ಸೀಗಡಿ ಬೆಳೆಯುತ್ತಾರಂತೆ. ಅವಕ್ಕೆ ರೋಗ ಬಂದರೆ ಕೆಲವರು ಆಸ್ಪತ್ರೆಯಲ್ಲಿ ಮನುಷ್ಯರಿಗೆ ಕೊಡುವಂಥ ಔಷಧವನ್ನೇ ಕೆರೆಗೆ ಸುರಿಯುತ್ತಾರಂತೆ. ಸೀಗಡಿಗೆ ಗುಣವಾಗುತ್ತದೆ, ಆದರೆ ಔಷಧದ ಉಳಿಕೆ ಅದರ ಮೈಯಲ್ಲಿ ಕೂತಿರುತ್ತದೆ. ಹೊರದೇಶದವರು ಅದನ್ನು ಕಂಡುಹಿಡಿದರೆ ಹಡಗು ಬಂದ ದಾರಿಗೆ ಸುಂಕವಿಲ್ಲ. ಅದಕ್ಕೆ ಇಲ್ಲಿಯೇ ಮೊದಲು ಹುಡುಕಬೇಕು. ಸೀಗಡಿ ಇರಲಿ, ಏಡಿ ಇರಲಿ, ಚಿಪ್ಪಿನೊಳಗಿನ ಇನ್ನೊಂದು ಇರಲಿ, ಸುಲಿದು, ರುಬ್ಬಿ, ರಸ ತೆಗೆದು ನೋಡಬೇಕು.

"ರಸ ನೋಡಿದ್ರ ಔಷಧ ಕಾಣತೈತೇನು?" ಎಂದು ಅಪ್ಪ ಕೇಳಿದ.

"ಕಾಣಂಗಿಲ್ಲ ಅಣ್ಣಾ. ಒಂದ ಗಾಜಿನ ತಾಟಿನಾಗ ಕಣ್ಣಿಗೆ ಕಾಣದಂಥಾ ಸಣ್ಣ ಜೀವ ಬೆಳಸತೇವಿ. ಅದರ ಮ್ಯಾಲ ಈ ರಸ ಇಡತೇವಿ. ಮರುದಿನ ತಾಟ ತುಂಬ ಬೆಳದಿದ್ರ ಸೀಗಡಿ ಛಲೋ ಐತಿ. ರಸದ ಸುತ್ತ ಬೈಲ ಬಿದ್ದಿದ್ರ, ಏನೂ ಬೆಳೀದಿದ್ರ, ಅದರಾಗ ಔಷಧ ಐತಿ. ಆಮ್ಯಾಲ ದೊಡ್ಡ ಮಶಿನ್ ಇಟ್ಟು ಯಾವ ಔಷಧ ಅಂತ ನೋಡತಾರ." ಇಷ್ಟು ಹೇಳಿ ಆಯಿಯ ಕಡೆ ತಿರುಗಿದ. "ನಿನಗ ಗೊತ್ತಿದ್ದದ್ದ ಬೇ ಇದು. ಎಮ್ಮಿಗೆ ಸೂಜಿ ಮಾಡಿಸಿದಾಗ ಹಾಲು ಹೆಪ್ಪಾಗಂಗಿಲ್ಲಲ್ಲ? ಹೆಪ್ಪಿನಾಗ ಜೀವ ಇರತೈತಿ. ಔಷಧ ಅದನ್ನ ಕೊಲ್ಲತೈತಿ. ಅಷ್ಟ ಮತ್ತ."

"ಇದಕ್ಕ ಬಿ.ಎಸ್ಸಿ. ಯಾಕ ಬೇಕಿತ್ತೋ? ನನ್ನ ಕರದಿದ್ರ ನಾನ ಬರತಿದ್ದೆ."

"ಬಾ ಬೇ. ಮೊದಲ ಸಿಪ್ಪಿ ಸುಲೀಬೇಕಾಗತೈತಿ."

"ಶಿವ ಶಿವಾ!" ಎಂದು ಆಯಿ ಎರಡೂ ಕಿವಿ ಮುಚ್ಚಿಕೊಂಡಳು.

ಹೆಪ್ಪಿನ ವಿಷಯ ಬಂತು. ಇಲ್ಲಿ ನಮ್ಮ ಆಯಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಹೆಪ್ಪಿನ ಹುಚ್ಚು ಕಾಕಾನಿಗೆ ಆಕಾಶದಿಂದ ಬಂದದ್ದಲ್ಲ! ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ನಮ್ಮ ಆಯಿ ಹಗಲೂ ಕೊಡುತ್ತಿರಲಿಲ್ಲ. ಅದು ಅವಳ ಅತ್ತೆ ಅವಳ ಕೈಗೆ ಕೊಟ್ಟ ಹೆಪ್ಪು, ಅತ್ತೆಗೆ ಅತ್ತೆಯ ಅತ್ತೆ ಕೊಟ್ಟದ್ದು. ಒಂದು ದಿನವೂ ತಪ್ಪದೆ ಸಂಜೆ ಹಾಲಿಗೆ ಬಿದ್ದು, ಬೆಳಿಗ್ಗೆ ಚಾಕುವಿನಿಂದ ಕೊಯ್ಯುವಂತೆ ಗಟ್ಟಿಯಾಗಿ ಏಳುತ್ತಿತ್ತು. ಅದನ್ನು ಕೊಟ್ಟರೆ ಮನೆಯ ಲಕ್ಷ್ಮಿಯೇ ಹೊರಗೆ ನಡೆದಂತೆ ಎಂದು ಅವಳ ನಂಬಿಕೆ. ನೆರೆಯವರು ಬಟ್ಟಲು ಹಿಡಿದು ಬಂದರೆ ಬಟ್ಟಲು ತುಂಬ ಮೊಸರಿಗೆ ಉಪ್ಪು ಕಲಸಿ, ಒಗ್ಗರಣೆ ಹಾಕಿ ಕೊಡುತ್ತಿದ್ದಳು. ಉಣ್ಣಲಿ ಬೇಕಾದಷ್ಟು, ಹೆಪ್ಪು ಮಾತ್ರ ಹಾಕಬಾರದು!

ಊರು ಬಿಡುವ ದಿನ ಬಂತು. ತೊಲೆ, ಬಾಗಿಲು, ಬೀಸುಕಲ್ಲು, ಹೊಸ್ತಿಲ ಹೊರಗಿನ ಬಂಡೆ, ಎಲ್ಲ ಟ್ರ್ಯಾಕ್ಟರಿಗೆ ಏರಿದವು. ಸಹಾಯಕ್ಕೆಂದು ರಜೆ ಹಾಕಿ ಕಾಕಾನೂ ಬಂದಿದ್ದ. ಆಯಿ ಒಡವೆ ಗಂಟನ್ನು ಸೊಸೆಯ, ಅಂದರೆ ನಮ್ಮ ಅವ್ವನ ಕೈಗೆ ಕೊಟ್ಟು, ಹೆಪ್ಪಿನ ಗಡಿಗೆಯನ್ನು ತಾನು ಮಡಿಲಲ್ಲಿ ಇಟ್ಟುಕೊಂಡಳು. ದಾರಿಯುದ್ದಕ್ಕೂ ಟ್ರ್ಯಾಕ್ಟರ್ ಓಡಿಸುವವನಿಗೆ ಬೈಗಳು: "ಸಾವಕಾಶ ಹೊಡಿ ಲೇ, ಮಜ್ಜಿಗಿ ಆದೀತು!" ಯಾರೂ ಅಳಲಿಲ್ಲ. ಎಲ್ಲರ ಕಣ್ಣೂ ಆ ಗಡಿಗೆಯ ಮೇಲೆ ಇತ್ತು. ಹಿಂದೆ ಊರು ಸಣ್ಣದಾಗುವುದನ್ನು ನೋಡುವುದಕ್ಕಿಂತ ಅದು ಸುಲಭವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಪುನರ್ವಸತಿ ಕೇಂದ್ರದ ಮನೆಗೆ ಬಂದ ಮೇಲೆ, ಕಾಕಾ ತಿರುಗಿ ಹೋಗುವ ಮುನ್ನ ಆಯಿಯ ಮುಂದೆ ಒಂದು ಸ್ಟೀಲ್ ಡಬ್ಬಿ ಹಿಡಿದ. "ನನಗೂ ಇಷ್ಟ ಕೊಡ ಬೇ. ಅಲ್ಲಿ ಮೊಸರಿಗೆ ಮೊಸರ ಅಂತಾರ, ಅಷ್ಟ. ಬಾಯಿಗೆ ಹತ್ತಂಗಿಲ್ಲ." ಆಯಿ ಬಹಳ ಹೊತ್ತು ಯೋಚಿಸಿದಳು. ಮನೆಯ ಮಗ, ಆದರೆ ಹೋಗುವುದು ಸೀಗಡಿಯ ಊರಿಗೆ! ಕೊನೆಗೆ ಡಬ್ಬಿಗೆ ವಿಭೂತಿ ಹಚ್ಚಿ ಕೊಟ್ಟಳು. ಅವಳು ತನ್ನ ಜೀವಮಾನದಲ್ಲಿ ಹೊರಗೆ ಕೊಟ್ಟ ಮೊದಲ ಹೆಪ್ಪು ಅದು.

ಅಂದಿನಿಂದ ಕಾಕಾ ಫೋನು ಮಾಡಿದರೆ 'ಹೇಗಿದ್ದೀರಿ' ಎಂದು ಕೇಳಿದ್ದೇ ಇಲ್ಲ. ಮೊದಲ ಮಾತೇ, "ಹೆಪ್ಪ ಹಾಕಿದ್ರೇನು?" ನನ್ನ ಮದುವೆ ಜಮಖಂಡಿಯ ಮನೆತನಕ್ಕೆ ನಿಶ್ಚಯವಾದ ಸುದ್ದಿಯನ್ನು ಹೇಳಲು ನಾನೇ ಫೋನು ಹಿಡಿದಿದ್ದೆ. ಅವನು ಕೇಳಿದ ಒಂದೇ ಪ್ರಶ್ನೆ: "ಅವರ ಮನ್ಯಾಗ ಎಮ್ಮಿ ಅದಾವೇನು?"

ಅವನ ಸ್ವಂತ ಮದುವೆಯ ಕಥೆಯೂ ಹೀಗೆಯೇ ಹಾಳಾದದ್ದು. ಬನಹಟ್ಟಿಯಲ್ಲಿ ನೇಕಾರಿಕೆ ಮಾಡುವ ಒಂದು ಒಳ್ಳೆಯ ಮನೆತನ, ಹುಡುಗಿ ಲಕ್ಷಣವಾಗಿದ್ದಳು. ಪಕ್ಕದ ಕೋಣೆಯಲ್ಲಿ ಮಗ್ಗ ಲಟಕ್ ಪಟಕ್ ಎಂದು ಹೊಡೆದುಕೊಳ್ಳುತ್ತಿತ್ತು. "ಸೀಗಡಿ ಸುದ್ದಿ ತಗೀಬ್ಯಾಡ, ಸರಕಾರದ ಮಟ್ಟದ ಪರೀಕ್ಷಾ ಮಾಡತೇನಿ ಅನ್ನು" ಎಂದು ಆಯಿ ಬಸ್ಸಿನಲ್ಲೇ ಪಾಠ ಹೇಳಿಕೊಟ್ಟಿದ್ದಳು. ಹುಡುಗಿಯ ಅಪ್ಪ, "ಯಾವ ಕ್ಲಾಸಿನ ಪರೀಕ್ಷಾರಿ?" ಎಂದು ಕೇಳಿದರು. ಕಾಕಾನಿಗೆ ಸುಳ್ಳು ಹೇಳಲು ಬಂದರೆ ತಾನೇ? "ಸೀಗಡಿದ್ರಿ" ಎಂದುಬಿಟ್ಟ! ಮಗ್ಗವೂ ಒಂದು ಗಳಿಗೆ ನಿಂತಂತಾಯಿತು. ಬಾಗಿಲ ಹಿಂದಿನಿಂದ ಹುಡುಗಿ ಕಿಲಕಿಲ ನಕ್ಕಳು. ಆ ನಗು ಕೇಳಿ ಕಾಕಾನ ಕಿವಿ ಕೆಂಪಾದದ್ದನ್ನು ಜೊತೆಗೆ ಹೋಗಿದ್ದ ನಾನೇ ನೋಡಿದ್ದೇನೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಹಿರಿಯರು ಹೇಗೋ ಸಂಭಾಳಿಸುತ್ತಿದ್ದರು. ಇವನೋ, ಅವರು ಕೊಟ್ಟ ಮಜ್ಜಿಗೆಯ ಲೋಟವನ್ನು ಬೆಳಕಿಗೆ ಹಿಡಿದು, "ಎಮ್ಮಿಗೆ ಹ್ವಾದ ವಾರ ಇಂಜೆಕ್ಷನ್ ಮಾಡಿಸಿದ್ರೇನ್ರಿ? ಸ್ವಲ್ಪ ನೀರ ನೀರ ಕಾಣತೈತಿ" ಎಂದ. ಬೀಗರಾಗಬೇಕಾದವರು ಎದ್ದು ಟವೆಲ್ಲು ಝಾಡಿಸಿದರು. ಅಲ್ಲಿಗೆ ಮುಗಿಯಿತು. ಮುಂದೆ ಎಷ್ಟು ಕಡೆ ಹೆಣ್ಣು ತೋರಿಸಿದರೂ ಕಾಕಾ ಹೋಗಲಿಲ್ಲ. ತೇರದಾಳದ ಬಸ್ಸು ಬನಹಟ್ಟಿ ದಾಟುವಾಗ ಮಾತ್ರ ಅವನಿಗೆ ಕಿಟಕಿಯ ಪಕ್ಕದ ಸೀಟೇ ಬೇಕು.

ಅವನ ಪರೀಕ್ಷೆಯ ಹುಚ್ಚು ಒಮ್ಮೆ ನಮ್ಮ ಓಣಿಗೇ ಬಂತು. ಚಳಿಗಾಲದ ರಜೆಯಲ್ಲಿ ಬಂದವನು ಎಲ್ಲರ ಮನೆಯ ಹಾಲೂ ಒಂದೊಂದು ಬಟ್ಟಲು ತರಿಸಿ, ಹೆಪ್ಪು ಹಾಕಿ, ಕಿಟಕಿಯಲ್ಲಿ ಸಾಲಾಗಿ ಇಟ್ಟ. ನಮ್ಮ ಹೆಪ್ಪಲ್ಲ, ಅದಕ್ಕೆ ಆಯಿ ಬಿಡುವಳೇ? ಹೋಟೆಲಿನಿಂದ ತಂದ ಮೊಸರು. ಬೆಳಿಗ್ಗೆ ಎಲ್ಲ ಬಟ್ಟಲೂ ಗಟ್ಟಿಯಾಗಿದ್ದವು, ಪಕ್ಕದ ಮನೆಯ ಗಂಗವ್ವನ ಬಟ್ಟಲೊಂದು ಹಾಲಾಗಿಯೇ ಉಳಿದಿತ್ತು. ಕಾಕಾ ನ್ಯಾಯಾಧೀಶನಂತೆ, "ಇದರಾಗ ಔಷಧ ಐತಿ" ಎಂದು ಸಾರಿದ. ಗಂಗವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. "ನನ್ನ ಎಮ್ಮಿ ಹುಟ್ಟಿದಾಗಿಂದ ಡಾಕ್ಟರ್ ಮಾರಿ ನೋಡಿಲ್ಲ! ಸೀಗಡಿ ಮೂಸಿ ಮೂಸಿ ನಿನ್ನ ಮೂಗ ಕೆಟ್ಟೈತಿ!" ಕಾಕಾ ಬಟ್ಟಲನ್ನು ತಿರುಗಿಸಿ ಮುರುಗಿಸಿ ನೋಡಿದ. ಆಗ ಹೊಳೆಯಿತು: ಅದನ್ನಿಟ್ಟ ಜಾಗದಲ್ಲಿ ಕಿಟಕಿಯ ಗಾಜು ಒಡೆದಿತ್ತು. ರಾತ್ರಿಯೆಲ್ಲ ಹಿನ್ನೀರಿನ ಮೇಲಿಂದ ಬಂದ ಥಂಡಿ ಗಾಳಿ ಅದೊಂದೇ ಬಟ್ಟಲಿಗೆ ಹೊಡೆದಿತ್ತು! ಮತ್ತೆ ಹಾಲು ತಂದು ಒಲೆಯ ಮಗ್ಗುಲಲ್ಲಿ ಇಟ್ಟರೆ ಕಲ್ಲಿನಂಥ ಮೊಸರಾಯಿತು. ಗಂಗವ್ವ ಅದನ್ನೂ, ಜೊತೆಗೆ ಮನೆಯಿಂದ ಒಂದು ಗಡಿಗೆ ಮೊಸರನ್ನೂ ತಂದು ಎದುರಿಗೆ ಕೂತಳು. "ಉಣ್ಣು. ಎಲ್ಲಾ ಉಣ್ಣಬೇಕು. ಉಂಡು ರಿಪೋರ್ಟ ಕೊಡು." ಕಾಕಾ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಇಷ್ಟು ನಗಿಸಿದವನ ಮನೆಯಲ್ಲಿ ನಗದ ದಿನವೂ ಬಂತು. ನಮ್ಮ ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು. ದನದ ಡಾಕ್ಟರ್ ಸೂಜಿ ಚುಚ್ಚಿ, "ಕೆಲವು ದಿನ ಈ ಹಾಲು ಬಳಸಬೇಡಿ, ಚೆಲ್ಲಿಬಿಡಿ" ಎಂದು ಹೇಳಿಹೋದರು. ಹಾಲು ಚೆಲ್ಲುವುದು! ಆಯಿಗೆ ಅದು ಆಗದ ಮಾತು. ಹಾಲು ಚೆಲ್ಲಿದ ಮನೆ ಏಳಿಗೆಯಾಗುವುದಿಲ್ಲ ಎಂದು ನಂಬಿದವಳು. "ಕುಡಿಯೂದ ಬ್ಯಾಡ. ಹೆಪ್ಪ ಜಾಸ್ತಿ ಹಾಕಿ ಮೊಸರ ಮಾಡಿದ್ರ ಹುಳಿಗೆ ಔಷಧ ಸಾಯತೈತಿ" ಎಂದು ತನ್ನದೇ ಒಂದು ವಿಜ್ಞಾನ ಹೂಡಿ, ಗಡಿಗೆಯಲ್ಲಿದ್ದ ಹೆಪ್ಪನ್ನೆಲ್ಲ ಬಳಿದು ಅದಕ್ಕೇ ಹಾಕಿದಳು. ಬೆಳಿಗ್ಗೆ ಮುಚ್ಚಳ ತೆಗೆದಾಗ ಹಾಲು ಹಾಗೆಯೇ ಇತ್ತು. ಮಧ್ಯಾಹ್ನವೂ ಹಾಗೆಯೇ. ಸಂಜೆಗೆ ವಾಸನೆ ಬಂತು. ಔಷಧ ಸಾಯಲಿಲ್ಲ, ಹೆಪ್ಪು ಸತ್ತಿತ್ತು.

ಓಣಿಯಲ್ಲಿ ಯಾರ ಮನೆಯಲ್ಲಾದರೂ ನಮ್ಮ ಹೆಪ್ಪು ಇದ್ದಿದ್ದರೆ ಬಟ್ಟಲು ಹಿಡಿದು ಹೋಗಬಹುದಿತ್ತು. ಆದರೆ ಆಯಿ ಯಾರಿಗೆ ಕೊಟ್ಟಿದ್ದಳು? ಗಂಗವ್ವ ತಾನಾಗಿಯೇ ತನ್ನ ಮನೆಯ ಹೆಪ್ಪು ತಂದಳು. ಆಯಿ ಕೈ ಚಾಚಲಿಲ್ಲ. ಹೊಸ್ತಿಲ ಹೊರಗಿನ ಬಂಡೆಯ ಮೇಲೆ ಕೂತು, "ಮನಿ ಹೋತು, ಹೊಲ ಹೋತು, ಊರ ಹೋತು. ಇದೊಂದ ಅಲ್ಲಿಂದ ಜೀವಂತ ಬಂದಿತ್ತು. ಇದನ್ನ ನನ್ನ ಕೈಯಾರೆ ಕೊಂದೆ" ಎಂದಳು. ಊರು ಬಿಡುವಾಗ ಅಳದಿದ್ದವಳು ಅವತ್ತು ಅತ್ತಳು. ಆಗ ನಾನು ತವರಿಗೆ ಹೋಗಿದ್ದೆ. ಅವಳ ಪಕ್ಕದಲ್ಲಿ ಕೂತಿದ್ದೆ. ಆಮೇಲೆ ನಮ್ಮ ಮನೆಯಲ್ಲಿ ರೊಟ್ಟಿಯ ಪಕ್ಕಕ್ಕೆ ಮೊಸರೇ ಇಲ್ಲ. ಆಯಿ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು.

ಕಾಕಾನ ಫೋನು ಬಂತು. ಅಷ್ಟು ಹೊತ್ತಿಗೆ ನಮ್ಮ ಮನೆಗೇ ಮೊಬೈಲ್ ಬಂದಿತ್ತು. "ಹೆಪ್ಪ ಹಾಕಿದ್ರೇನು?" ಅಪ್ಪ ಮೊಬೈಲನ್ನು ಆಯಿಗೆ ಕೊಟ್ಟ.

"ಇಲ್ಲಪಾ. ಹೆಪ್ಪ ಸತ್ತೈತಿ" ಎಂದಳು ಆಯಿ.

ಆ ಕಡೆ ಮತ್ತೆ ಸಮುದ್ರದ ಸಪ್ಪಳ. ಆಮೇಲೆ ಕಾಕಾ, "ಅಳಬ್ಯಾಡ ಬೇ. ನೀ ಕೊಟ್ಟದ್ದು ನನ್ನ ಕಡೆ ಐತಿ. ನಮ್ಮದ. ತರತೇನಿ" ಎಂದ.

ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಘಟ್ಟದ ತಿರುವುಗಳಲ್ಲಿ ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಂದನಂತೆ. "ಏನ್ರಿ ಅದು?" ಎಂದು ಕಂಡಕ್ಟರ್ ಕೇಳಿದನಂತೆ. "ಹೆಪ್ಪು" ಎಂದರೆ, "ನಿಮ್ಮೂರಾಗ ಮೊಸರ ಸಿಗಂಗಿಲ್ಲೇನ್ರಿ?" ಎಂದು ಬಸ್ಸಿನವರೆಲ್ಲ ನಗುವಂತೆ ಮಾಡಿದನಂತೆ. ಬೆಳಿಗ್ಗೆ ಮನೆಯ ಮುಂದೆ ಬಂದು, ರೂಢಿಯಂತೆ ಬಂಡೆಯ ಮೇಲೆ ನಿಂತು, ನೀರಿಗಾಗಿ ತಲೆ ಬಗ್ಗಿಸಿದ. ಆಯಿ ಬರಿಗೈಯಲ್ಲಿ ಹೊರಗೆ ಬಂದಳು. ಕೊಡವಿಲ್ಲ, ವಿಭೂತಿಯಿಲ್ಲ. ಸೀಗಡಿ ವಾಸನೆಯ ಅಂಗಿಯ ತೋಳನ್ನು ಹಿಡಿದು ನೆಟ್ಟಗೆ ಒಳಗೆ ಎಳೆದುಕೊಂಡಳು!

ಎಮ್ಮೆಗೆ ಗುಣವಾಗಿತ್ತು, ಹಾಲು ಚೊಕ್ಕವಾಗಿತ್ತು. ಆ ಸಂಜೆ ಹೆಪ್ಪು ಬಿತ್ತು. ಮರುದಿನ ಆಯಿ ಗಡಿಗೆಯ ಮುಂದೆ, ಕಾಕಾ ಆಯಿಯ ಮುಂದೆ. ಅಷ್ಟು ಸೀಗಡಿಗಳಿಗೆ ಪಾಸು ಫೇಲು ಬರೆದವನು ಹತ್ತನೇ ಕ್ಲಾಸಿನ ಹುಡುಗನಂತೆ ಉಗುರು ಕಚ್ಚುತ್ತಿದ್ದ. ಮೊಸರು ಆಗಿತ್ತು. ಆದರೆ ಚಮಚೆ ಎತ್ತಿದರೆ ಸಣ್ಣಗೆ ನೂಲು ಬರುತ್ತಿತ್ತು, ಹುಳಿಯೂ ಒಂದು ಪಾಲು ಹೆಚ್ಚು. ಆಯಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ನಮ್ಮದ ಐತಿ" ಎಂದಳು.

ಕಾಕಾ ಎದ್ದು ಹಿತ್ತಲಿಗೆ ಹೋದ. ಹಿಂದೆಯೇ ನಾನೂ ಹೋದೆ. ಎಮ್ಮೆಯ ಬೆನ್ನು ಸವರುತ್ತ ನಿಂತಿದ್ದ. "ನಮ್ಮದಲ್ಲ ತಂಗೀ ಅದು" ಎಂದ, ನನ್ನ ಕಡೆ ನೋಡದೆ. "ಆಯಿ ಕೊಟ್ಟದ್ದು ಅಲ್ಲಿ ಎಂದೋ ಸತ್ತಿತ್ತು. ಯಾವನೋ ತಂದ ಹಾಲು ಹಾಕಿದೆ, ಹಂಗ ನೀರಾತು. ಮಂದಿ ಸೀಗಡಿ ಎಲ್ಲಾ ನೋಡತೇನಿ, ನಮ್ಮ ಹೆಪ್ಪಿಗೆ ಹಾಕೂ ಹಾಲು ನೋಡಲಿಲ್ಲ. ಮನಿ ಮಾಲಕರ ಮನ್ಯಾಗ ಹೆಪ್ಪ ಇಸಗೊಂಡು ಅದನ್ನ ಅದ ಡಬ್ಬಿಯಾಗ ನಡಸಿಕೋತ ಬಂದೇನಿ. ದಿನಾ ಸಂಜಿಕೆ ಹೆಪ್ಪ ಹಾಕಿದ್ರ ಊರಿಗೆ ಬಂದಂಗ ಆಕ್ಕಿತ್ತು, ಅದಕ್ಕ." ಆಮೇಲೆ, "ಆಯಿಗೆ ಗೊತ್ತಾಗಲಿಲ್ಲ, ಛಲೋ ಆತು. ನೀನೂ ಹೇಳಬ್ಯಾಡ" ಎಂದ. ಬನಹಟ್ಟಿಯ ಹಿರಿಯರ ಮುಂದೆ ಒಂದು ಸುಳ್ಳು ಹೇಳಲಾರದೆ ಮದುವೆ ಕೆಡಿಸಿಕೊಂಡವನು!

ಅವನ ಬಸ್ಸು ಹೋದ ಮೇಲೆ ಆಯಿ ನನ್ನನ್ನು ಒಲೆಯ ಹತ್ತಿರ ಕರೆದಳು. ಹೆಪ್ಪು ಹಾಕುತ್ತ, ದನಿ ತಗ್ಗಿಸಿ ಹೇಳಿದಳು: "ಇದು ನಮ್ಮ ಹೆಪ್ಪಲ್ಲ. ನಾಲಿಗಿ ಮ್ಯಾಲ ಬಿದ್ದಕೂಡಲೆ ತಿಳೀತು. ನಿಮ್ಮ ಕಾಕಾಗ ಹೇಳಬ್ಯಾಡ. ಪಾಪ, ಅಂವಗ ಗೊತ್ತಿಲ್ಲ."

"ಮತ್ತ ನಮ್ಮದ ಅಂದಿ?" ಎಂದೆ.

"ಮಗಾ ಅಷ್ಟು ದೂರದಿಂದ ತೊಡಿ ಮ್ಯಾಲ ಇಟಗೊಂಡು ತಂದಾನ. ನಮ್ಮದಲ್ಲಂದ್ರ ಯಾರದ ಬೇ ಅದು?"

ಮರುದಿನ ಆಯಿ ತಾನಾಗಿಯೇ ಒಂದು ಬಟ್ಟಲು ಹೆಪ್ಪು ಗಂಗವ್ವನ ಮನೆಗೆ ಕಳಿಸಿದಳು. ಆಮೇಲೆ ಕೇಳಿದವರಿಗೆಲ್ಲ ಕೊಟ್ಟಳು, ಕೇಳದವರಿಗೂ ಕೊಟ್ಟಳು, ದೀಪ ಹಚ್ಚಿದ ಮೇಲೂ ಕೊಟ್ಟಳು! "ಒಬ್ಬರ ಮನ್ಯಾಗ ಸತ್ರ ಇನ್ನೊಬ್ಬರ ಮನ್ಯಾಗ ಇರಲಿ" ಎನ್ನುತ್ತಿದ್ದಳು. ನನಗೂ ಕೊಟ್ಟಳು. ನಮ್ಮ ಎಮ್ಮೆಗಳ ಹಾಲು ಕುಡಿದು ಕುಡಿದು ಆ ಹೆಪ್ಪು ನೂಲು ಬಿಡುವುದನ್ನು ಮರೆಯಿತು, ನಿಧಾನವಾಗಿ ಗಟ್ಟಿಯಾಯಿತು. ಹಳೆಯದರ ಹಾಗೆ ಆಯಿತೇ ಎಂದರೆ, ಇಲ್ಲ. ಹಳೆಯ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ. ಆಗಾಗ ರೊಟ್ಟಿ ಮುರಿದಾಗ ಅದು ನೆನಪಾಗುತ್ತದೆ.

ಆಯಿ ಈಗ ಇಲ್ಲ. ಅವರಿಬ್ಬರ ಮಾತನ್ನೂ ನಾನು ಒಬ್ಬರದು ಇನ್ನೊಬ್ಬರಿಗೆ ಹೇಳಲಿಲ್ಲ. ಕಾಕಾ ಇನ್ನೂ ಅಲ್ಲೇ, ಸಮುದ್ರದ ಪಕ್ಕದಲ್ಲಿ, ರುಬ್ಬುತ್ತ ಇದ್ದಾನೆ. ಈಗ ಅವನ ಫೋನು ಜಮಖಂಡಿಗೆ, ನನಗೆ ಬರುತ್ತದೆ. ನಿನ್ನೆಯೂ ಬಂದಿತ್ತು.

"ಹೆಪ್ಪ ಹಾಕಿದೇನು?"

"ಹಾಕೇನಿ ಕಾಕಾ."

ಯಾವತ್ತೂ ಅಷ್ಟಕ್ಕೆ ಫೋನು ಇಡುವವನು ನಿನ್ನೆ ಇಡಲಿಲ್ಲ. "ಯಾವುದು?" ಎಂದ.

"ನಮ್ಮದ" ಎಂದೆ.

ಬಹಳ ಹೊತ್ತು ಸಮುದ್ರದ ಸಪ್ಪಳ ಕೇಳುತ್ತಿತ್ತು. ಆಮೇಲೆ ಮೂಗು ಏರಿಸಿದ ಸದ್ದು. "ಹಂಗಾರ ಪಂಚಮಿಗೆ ಬರತೇನಿ" ಎಂದ. "ಬಾಗಲದಾಗ ಒಂದ ಕೊಡಾ ನೀರ ಇಟ್ಟಿರು."